ಕೈ ಹಿಂದೆ ಕಟ್ಟಿ ಕಲಿಸಿದ ತಂಗಮ್ಮ ಆಂಟಿ

ಕಂಪ್ಯೂಟರ್ ಕಲಿಸುವವರಲ್ಲಿ ಹೆಚ್ಚಿನವರು "ತಾಳಿ, ನಾನೇ ಮಾಡಿ ತೋರಿಸ್ತೀನಿ" ಎಂದು ಮೌಸ್ ಕಿತ್ತುಕೊಳ್ಳುವ ಜಾತಿ. ನಾನೂ ಅದೇ ಜಾತಿ. ಹಾಗಲ್ಲದವರನ್ನು ಕಂಡದ್ದು ಒಬ್ಬರನ್ನೇ, ದೆಹಲಿಯ ಮುನಿರ್ಕಾದ ತಂಗಮ್ಮ ಆಂಟಿಯನ್ನು. ಕಲಿಯುವವರು ಎಷ್ಟೇ ತಡವರಿಸಲಿ, ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿರುತ್ತಿದ್ದರು. ಗಂಡ ಪೆಮ್ಮಯ್ಯನವರು ಸೇನೆಯಲ್ಲಿ ಸುಬೇದಾರ್ ಆಗಿದ್ದವರು. ಪರೇಡಿನ 'ವಿಶ್ರಾಮ್' ಹೆಂಡತಿಗೂ ಅಂಟಿದೆ ಎಂದು ನಾವು ನಗುತ್ತಿದ್ದೆವು.

"ನಾನು ಕೈ ಹಾಕಿದ್ರೆ ಕಲಿತದ್ದು ನಾನೇ ಆಯ್ತಲ್ಲ," ಎನ್ನುತ್ತಿದ್ದರು ಆಂಟಿ.

ಅವರು ಕಲಿಸುತ್ತಿದ್ದದ್ದು ಅಡಾಸಿಟಿ ಎಂಬ ಪುಕ್ಕಟೆ ತಂತ್ರಾಂಶ. ಮೈಕಿನ ಮುಂದೆ ಓದಿದ್ದನ್ನು ಅದರಲ್ಲಿ ರೆಕಾರ್ಡ್ ಮಾಡಿ, ಕೆಮ್ಮು, ತೊದಲು ಎಲ್ಲ ಕತ್ತರಿಸಿ ತೆಗೆಯಬಹುದು. ಮುಖರ್ಜಿ ನಗರದ ಹಾಸ್ಟೆಲ್‌ಗಳಲ್ಲಿದ್ದು ಸಿವಿಲ್ ಸರ್ವಿಸ್ ಪರೀಕ್ಷೆಗೆ ಓದುತ್ತಿದ್ದ ಅಂಧ ವಿದ್ಯಾರ್ಥಿಗಳಿಗೆ ಹಿಂದಿ, ಇಂಗ್ಲಿಷ್ ಪುಸ್ತಕಗಳನ್ನು ಓದಿ ಕೊಡುವವರಿದ್ದರು. ಕನ್ನಡಕ್ಕೆ ಯಾರೂ ಇರಲಿಲ್ಲ. ಅದು ಕಿವಿಗೆ ಬಿದ್ದದ್ದೇ ಆಂಟಿ ತಾವೇ ಓದಿ ಕೊಡಲು ಹೊರಟರು.

ಆಂಟಿ ಓದಿದ್ದು ಎಸೆಸೆಲ್ಸಿವರೆಗೆ. ರಜೆಗೆ ಬಂದ ತಮ್ಮನ ಮಗ ಪೊನ್ನಣ್ಣ ಮೂರು ದಿನ ಪಕ್ಕದಲ್ಲಿ ಕುಳಿತು ಎಲ್ಲ 'ಹೇಳಿಕೊಟ್ಟು' ಹೋಗಿದ್ದ. ಮೂರೂ ದಿನ ಮೌಸ್ ಅವನ ಕೈಯಲ್ಲೇ ಇತ್ತು. ಅವನು ರೈಲು ಹತ್ತಿದ ಮೇಲೆ ಆಂಟಿಗೆ ತಿಳಿದದ್ದು, ತಮಗೆ ಕಂಪ್ಯೂಟರ್ ಆನ್ ಮಾಡಲೂ ಬರುವುದಿಲ್ಲ ಎಂಬುದು. ಎರಡು ತಿಂಗಳು ಒಬ್ಬರೇ ಹೆಣಗಾಡಿ, ಒಂದೊಂದು ಹೆಜ್ಜೆಯನ್ನೂ ಕನ್ನಡದಲ್ಲಿ ನೋಟ್‌ಬುಕ್ಕಿಗೆ ಬರೆದುಕೊಂಡರು. ಆಮೇಲೆ ಕರ್ನಾಟಕದವರು ಯಾರು ಸಿಕ್ಕರೂ ಭಾನುವಾರ ಮನೆಗೆ ಕರೆಯುತ್ತಿದ್ದರು. ಗುರುಗ್ರಾಮದ ಆಫೀಸಿನಲ್ಲಿ ಕೆಲಸಕ್ಕಿದ್ದ ನಾನು ಸಿಕ್ಕಿದ್ದು ಹಾಗೆಯೇ, ತರಕಾರಿ ಗಾಡಿಯ ಮುಂದೆ. "ಭಯ್ಯಾ, ಧನಿಯಾ ಡಾಲೋ" ಎಂದು ಕೊತ್ತಂಬರಿ ಕೇಳಿದ ನನ್ನ ಹಿಂದಿಯಲ್ಲೇ ಅವರಿಗೆ ಕನ್ನಡ ಕೇಳಿಸಿತಂತೆ.

ನನಗೆ ಸಿಕ್ಕಿದ ಕೆಲಸ ಚಂದ್ರಕಾಂತನದು. ತುಮಕೂರಿನ ಕಡೆಯವನು, ಹುಟ್ಟಿನಿಂದ ಕಣ್ಣಿಲ್ಲ. ವಯಸ್ಸಿನ ಮಿತಿ ಮುಗಿಯುತ್ತಿತ್ತು, ಆ ವರ್ಷದ್ದೇ ಕೊನೆಯ ಅವಕಾಶ. ಅವನಿಗೆ ಬೇಕಿದ್ದದ್ದು ಸಾಹಿತ್ಯ ಚರಿತ್ರೆಯ ಟಿಪ್ಪಣಿ, ಒಟ್ಟು ಹದಿನಾಲ್ಕು ಅಧ್ಯಾಯ. ಮೊದಲ ಮೂರನ್ನು ಆಂಟಿಯ ಮನೆಯಲ್ಲೇ ಮುಗಿಸಿ ಕೊಟ್ಟೆ. ಕಲಿತಾಯಿತು ಎಂಬ ಜಂಬ ಬಂತು. ಉಳಿದ ಹನ್ನೊಂದನ್ನು ನನ್ನ ಬಾಡಿಗೆ ಕೋಣೆಯಲ್ಲಿ, ಸೆಕೆಯಲ್ಲಿ ಫ್ಯಾನ್ ಆರಿಸಿಕೊಂಡು ಎರಡು ತಿಂಗಳು ಓದಿದೆ. ಎಲ್ಲವನ್ನೂ 'ಸೇವ್' ಮಾಡಿದೆ.

ಆಗಿನ ಅಡಾಸಿಟಿಯಲ್ಲಿ ಸೇವ್ ಮಾಡಿದರೆ ಒಂದು ಪುಟ್ಟ ಫೈಲೂ ಪಕ್ಕದಲ್ಲೊಂದು ಫೋಲ್ಡರೂ ಹುಟ್ಟುತ್ತಿದ್ದವು. ಪುಟ್ಟ ಫೈಲು ಸಾಮಾನಿನ ಚೀಟಿ ಇದ್ದ ಹಾಗೆ, ಸಾಮಾನು ಇರುವುದು ಫೋಲ್ಡರಿನಲ್ಲಿ. ಬೇರೆಯವರಿಗೆ ಕೊಡಬೇಕಾದರೆ 'ಎಕ್ಸ್‌ಪೋರ್ಟ್' ಮಾಡಬೇಕು, ಅಂದರೆ ಎಲ್ಲ ಸೇರಿಸಿ ಕೇಳುವಂಥ ಒಂದೇ ಫೈಲು ಮಾಡಬೇಕು. ಇದನ್ನು ಆಂಟಿ ಮೂರು ಸಲ ಹೇಳಿದ್ದರು. ಬುದ್ಧಿವಂತೆಯಾದ ನಾನು ಹನ್ನೊಂದು ಚೀಟಿಗಳನ್ನು ಸಿ.ಡಿ.ಗೆ ಹಾಕಿದೆ. ಫೋಲ್ಡರ್ ತೆರೆದು ನೋಡಿದರೆ ಅರ್ಥವಿಲ್ಲದ ಹೆಸರಿನ ನೂರಾರು ಚೂರು ಫೈಲುಗಳು! ಕಸ ಕಂಡರೆ ಸುಮ್ಮನಿರುವವಳಲ್ಲ ನಾನು. ಡಿಸ್ಕ್ ಬೇರೆ ತುಂಬಿತ್ತು. ಹನ್ನೊಂದು ಫೋಲ್ಡರನ್ನೂ ಗುಡಿಸಿ ಹಾಕಿದೆ.

ಚಂದ್ರಕಾಂತನ ಕೋಣೆಯಲ್ಲಿ ಸಿ.ಡಿ. ಹಾಕಿದಾಗ ಒಂದು ಅಕ್ಷರವೂ ಕೇಳಲಿಲ್ಲ. ಅವನು ಸ್ಪೀಕರಿನ ಕಡೆ ಕಿವಿ ಕೊಟ್ಟು ಕಾಯುತ್ತಲೇ ಇದ್ದ. "ಶುರುವಾಯ್ತಾ ಅಕ್ಕ?" ಎಂದು ಎರಡು ಸಲ ಕೇಳಿದ. ಆದದ್ದನ್ನು ಹೇಳಿದೆ. ಪರೀಕ್ಷೆಗೆ ಇಪ್ಪತ್ತೆರಡು ದಿನವಿತ್ತು. "ಪರವಾಗಿಲ್ಲ ಅಕ್ಕ" ಎಂದ. ಬೈದಿದ್ದರೆ ಒಳ್ಳೆಯದಿತ್ತು.

ಅಲ್ಲಿಂದ ಸೀದಾ ಮುನಿರ್ಕಾಕ್ಕೆ ಹೋಗಿ ಆಂಟಿಯ ಮುಂದೆ ಗೊಳೋ ಎಂದು ಅತ್ತೆ. ಅವರು ನೋಟ್‌ಬುಕ್ಕಿನ ಹಿಂಬದಿಯಲ್ಲಿದ್ದ ಫೋನ್ ನಂಬರುಗಳನ್ನು ನೋಡುತ್ತಲೇ ಹೇಳಿದರು, "ಅಳೋದನ್ನ ಬೇಗ ಮುಗಿಸು. ಒಂಬತ್ತನೇ ಅಧ್ಯಾಯ ಉದ್ದ ಇದೆ, ಅದು ನಿಂಗೆ."

ಅವರು ಆವರೆಗೆ ಕಲಿಸಿದ್ದವರಲ್ಲಿ ಪೆಮ್ಮಯ್ಯನವರೂ ಸೇರಿ ಹತ್ತು ಮಂದಿ ಕೂಡಿದರು, ನನ್ನೊಡನೆ ಹನ್ನೊಂದು. ತಲೆಗೊಂದು ಅಧ್ಯಾಯ, ಎರಡು ಭಾನುವಾರ. ಪೆಮ್ಮಯ್ಯನವರು ಭಕ್ತಿ ಪಂಥವನ್ನು ಪರೇಡಿನ ಆಜ್ಞೆಯಂತೆ ಓದಿದರು. ಮಾಚಮ್ಮ ಎಂಬ ಕಾಲೇಜು ಹುಡುಗಿ ನಡುವೆ, "ಅಯ್ಯೋ, ಎರಡು ಪೇಜ್ ಒಟ್ಟಿಗೆ ತಿರುಗ್ಬಿಡ್ತು, ಸಾರಿ ಹಾಂ" ಎಂದದ್ದೂ ದಾಖಲಾಯಿತು. ಕೆಳಗೆ ಬೀದಿಯಲ್ಲಿ ಆಲೂ ಮಾರುವವನು ಕೂಗಿದ. ಕತ್ತರಿಸಲು ಸಮಯವಿರಲಿಲ್ಲ. ಅಂಥ ಅವಸರದಲ್ಲೂ ಆಂಟಿ ಮೌಸ್ ಮುಟ್ಟಲಿಲ್ಲ. ಒಬ್ಬೊಬ್ಬರೂ ತಾವೇ ಎಕ್ಸ್‌ಪೋರ್ಟ್ ಮಾಡಿ, ಕೇಳಿ ನೋಡಿ, ಆಮೇಲೆಯೇ ಏಳಬೇಕು. ನನಗೆ ತಡೆಯಲಾಗಲಿಲ್ಲ.

"ಆಂಟಿ, ನೀವೇ ಟಕಟಕ ಮಾಡ್ಬಿಡಿ, ದಿನ ಎಲ್ಲಿದೆ?" ಎಂದೆ.

"ನಾನು ಮಾಡಿದ್ರೆ ನಾಳೆ ಇನ್ನೊಬ್ಬಳು ವೈಜಯಂತಿ ಹುಟ್ತಾಳೆ," ಎಂದರು. ಎಲ್ಲರೂ ನಕ್ಕರು. ನನ್ನ ಹೆಸರು ಅಂದಿನಿಂದ ಆ ಮನೆಯಲ್ಲಿ ಗಾದೆಯಾಯಿತು.

ಪರೀಕ್ಷೆಗೆ ಒಂಬತ್ತು ದಿನವಿರುವಾಗ ಸಿ.ಡಿ. ಅವನ ಕೈ ಸೇರಿತು. ಕೊಡಲು ಪೆಮ್ಮಯ್ಯನವರೇ ಹೋದರು. ನನಗೆ ಮುಖವಿರಲಿಲ್ಲ. ಆಮೇಲೆ ಚಂದ್ರಕಾಂತನ ಫೋನ್ ಬಂದರೂ ಎತ್ತಲಿಲ್ಲ. ಒಬ್ಬನ ಕೊನೆಯ ಅವಕಾಶದಲ್ಲಿ ಹದಿಮೂರು ದಿನ ತಿಂದವಳು ಏನೆಂದು ಮಾತಾಡಲಿ? ಏಳು ತಿಂಗಳು ಹೀಗೆ ಹೋಯಿತು. ಮೇ ತಿಂಗಳಲ್ಲಿ ಆಂಟಿ ಫೋನ್ ಮಾಡಿದರು.

"ಆಯ್ಕೆ ಪಟ್ಟಿ ಬಂತು. ಚಂದ್ರಕಾಂತ ಇದ್ದಾನೆ."

ನಾನು ಆಫೀಸಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

"ಇನ್ನೊಂದು ವಿಷಯ. ಭಾನುವಾರ ಹೊಸಬರು ಮೂವರು ಬರ್ತಾರೆ. ನೀನು ಕಲಿಸು."

"ನಾನಾ? ಅಳಿಸಿ ಹಾಕಿದವಳು ನಾನು ಆಂಟಿ!"

"ಅದಕ್ಕೇ ಹೇಳಿದ್ದು. ಎಡವಿದವಳಿಗೆ ಕಲ್ಲು ಎಲ್ಲಿದೆ ಅಂತ ಗೊತ್ತಿರುತ್ತೆ. ಚಲೋ, ಹತ್ತು ಗಂಟೆಗೆ ಬಾ."

ಹೋದೆ. ಮೂವರಲ್ಲಿ ಇಬ್ಬರು ಅಪರಿಚಿತರು. ಮೂರನೆಯವನು ಕಿಟಕಿಯ ಪಕ್ಕ, ಮೊಣಕಾಲ ಮೇಲೆ ಬಿಳಿಕೋಲು ಇಟ್ಟುಕೊಂಡು ಕುಳಿತಿದ್ದ. ತರಬೇತಿಗೆ ಹೊರಡುವ ಮೊದಲು ಹಾಸ್ಟೆಲಿನ ಕಿರಿಯರಿಗಾಗಿ ತನಗೆ ನೆನಪಿರುವ ಪಾಠಗಳನ್ನು ತಾನೂ ರೆಕಾರ್ಡ್ ಮಾಡುವುದನ್ನು ಕಲಿಯಬೇಕೆಂದು ಬಂದಿದ್ದನಂತೆ. ಬಾಗಿಲಲ್ಲಿ ನನ್ನ ದನಿ ಕೇಳಿದ್ದೇ ಮುಖ ಅರಳಿತು.

"ಅಕ್ಕ, ಮೊದಲಿನ ಮೂರು ಅಧ್ಯಾಯ ಎಷ್ಟು ನೀಟಾಗಿ ಓದಿದ್ರಿ ಅಂದ್ರೆ, ಕೇಳ್ತಾ ನಿದ್ದೆ ಬಂದ್ಬಿಡ್ತಿತ್ತು," ಎಂದ. "ಆಮೇಲಿನ ಹನ್ನೊಂದರಲ್ಲಿ ಹನ್ನೊಂದು ದನಿ. ಭಕ್ತಿ ಪಂಥ ಅಂದ ತಕ್ಷಣ ಪರೇಡು ಶುರುವಾಗೋದು, ಉತ್ತರ ಸಾಲಾಗಿ ಬಂದು ನಿಲ್ಲೋದು. ಆಲೂ ಮಾರೋನ ಅಧ್ಯಾಯದಿಂದ ಎರಡು ಪ್ರಶ್ನೆ ಬಂತು. ನಾನು ಹೇಳಿದ್ದನ್ನ ಬರೀತಿದ್ದವರು, ಯಾಕ್ರೀ ನಗ್ತೀರಾ ಅಂತ ಕೇಳಿದ್ರು."

"ಒಂಬತ್ತನೇದು?" ಎಂದೆ.

"ಅದರಲ್ಲಿ ನೀವು ಅತ್ತಿದ್ದೀರಿ ಅಕ್ಕ. ಮೂರು ಕಡೆ. ಆ ಅಧ್ಯಾಯ ನಂಗೆ ಬಾಯಿಪಾಠ."