ಹೊಳಪು ಕೊಡದ ಮರದ ಚೆಂಡುಗಳು

ಚಿತ್ರೀಕರಣದ ಆ ಬೆಳಿಗ್ಗೆ ಬಂಡೆಯ ಮೇಲೆ ನಾನು ಆ ಗೊಂಬೆ ಮಾಡುವವರಿಗೆ ಏನು ಹೇಳಿದೆ ಎಂಬುದು ನನಗೆ ಸರಿಯಾಗಿ ನೆನಪಿರಲಿಲ್ಲ. ನಿಜ ಹೇಳಿದ್ದೆ ಎಂದೇ ಬಹಳ ದಿನ ನಂಬಿದ್ದೆ. ಬೇರೆಯವರ ಪುರಾವೆಗಳನ್ನು ಅನುಮಾನಿಸುವುದನ್ನು ವಿಶ್ವವಿದ್ಯಾಲಯದಲ್ಲಿ ಕಲಿತಿದ್ದೆ. ನನ್ನ ತಲೆಯೊಳಗಿನದನ್ನು ಅನುಮಾನಿಸಲು ತಡವಾಯಿತು.

ಸಿನಿಮಾ ದೃಶ್ಯಗಳಿಗೆ ಇಲ್ಲದ್ದನ್ನು ಕಂಪ್ಯೂಟರಿನಲ್ಲಿ ಸೇರಿಸುವುದು ನನ್ನ ಕೆಲಸ. ರಾಮನಗರದ ಬಂಡೆಯೊಂದರ ಮೇಲೆ ಕೋಟೆ ನಿಲ್ಲಿಸಬೇಕಿತ್ತು. ಕ್ಯಾಮೆರಾ ಅಲುಗಿದಾಗ ಕೋಟೆ ಬಂಡೆಗೆ ಅಂಟಿಕೊಂಡೇ ಇರಬೇಕು, ಇಲ್ಲವಾದರೆ ತೇಲಿದಂತೆ ಕಾಣುತ್ತದೆ. ಅದಕ್ಕೆ ಬಂಡೆಯ ಮೇಲೆ ಬಣ್ಣದ ಗುರುತುಗಳನ್ನಿಡುತ್ತೇವೆ. ಪ್ರತಿ ಫ್ರೇಮಿನಲ್ಲೂ ಅವು ಎಷ್ಟು ಸರಿದಿವೆ ಎಂದು ಹುಡುಕಿ, ಕ್ಯಾಮೆರಾ ಎಲ್ಲಿತ್ತೆಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಲೆಕ್ಕ ಮುಗಿದ ಮೇಲೆ ಗುರುತುಗಳನ್ನು ದೃಶ್ಯದಿಂದ ಅಳಿಸಿಬಿಡುತ್ತೇವೆ.

ಆ ಗುರುತುಗಳಿಗೆಂದು ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರೊಬ್ಬರಿಂದ ಅರಗಿನ ಬಣ್ಣದ ಇಪ್ಪತ್ತು ಮರದ ಚೆಂಡು ಮಾಡಿಸಿದೆ. ಹೊಳಪು ಬೇಡ, ಹೊಳೆದರೆ ಕಂಪ್ಯೂಟರ್ ದಾರಿ ತಪ್ಪುತ್ತದೆ ಎಂದೆ. ಯಂತ್ರದಲ್ಲಿ ತಿರುಗುವ ಮರದ ಗೊಂಬೆಗೆ ಒಣಗಿದ ಎಲೆ ಒತ್ತಿ ಮಿಂಚಿಸುವುದೇ ಅವರ ಹೆಮ್ಮೆ.

“ಮದ್ವೆ ಹೆಣ್ಗೆ ಮೊಕ ತೊಳೀಬ್ಯಾಡ ಅಂದಂಗಾಯ್ತಲ್ಲ ಸಾ!” ಎಂದು ನಕ್ಕರು. ಆದರೂ ಸಿನಿಮಾಕ್ಕೆಂದು ಒಪ್ಪಿದರು.

ಚಿತ್ರೀಕರಣದ ದಿನ ಚೀಲ ಹೊತ್ತು ತಾವೇ ಬಂಡೆ ಹತ್ತಿದರು. ಕ್ಯಾಮೆರಾ ಪರೀಕ್ಷೆ ನಡೆಯುತ್ತಿತ್ತು. ಚೆಂಡು ಜೋಡಿಸುತ್ತಾ ನನ್ನನ್ನು ಏನೋ ಕೇಳಿದರು, ನಾನು ಏನೋ ಹೇಳಿದೆ.

ಸಿನಿಮಾ ಬಿಡುಗಡೆಯಾದ ವಾರ ಅವರ ಫೋನ್ ಬಂತು. ಹೆಂಡತಿಯನ್ನೂ ಭಾವಮೈದನನ್ನೂ ಕರೆದುಕೊಂಡು ಹೋಗಿದ್ದರಂತೆ.

“ಎರಡ್ ಸಲ ನೋಡ್ದೋ ಸಾ. ನಮ್ ಚೆಂಡು ಯಾವಾಗ ಬತ್ತವೆ? ನಮ್ಮೋಳು, ಮೊದ್ಲು ಕಣ್ಣು ತೋರಿಸ್ಕೋ ಓಗು ಅಂತ ಆಡ್ಕೊಂತಾವ್ಳೆ.”

“ಅವು ಕಾಣೋದಿಲ್ಲ ಅಣ್ಣ, ಅಳಿಸ್ತೀವಿ. ಅವತ್ತೇ ಹೇಳಿದ್ನಲ್ಲ?”

“ಹೇಳಿದ್ರಾ? ಹಂಗಾರೆ ನಾನೇ ಮರ್ತಿರ್ಬೇಕು ಬುಡಿ. ಭಾವಮೈದಂಗೆ ಏನಾರ ಒಂದ್ ಹೇಳ್ತೀನಿ.”

ನನ್ನ ಒಂದು ಮಾತಿಗೆ ಅವರು ತಮ್ಮ ನೆನಪನ್ನೇ ಬಿಟ್ಟುಕೊಟ್ಟರು. ಅದು ನನ್ನನ್ನು ಬಿಡಲಿಲ್ಲ. ಅಷ್ಟು ಖಚಿತವಾಗಿ ಹೇಳಲು ನನ್ನಲ್ಲಿ ಇದ್ದದ್ದಾದರೂ ಏನು? ಹೇಳಬೇಕೆಂದುಕೊಂಡದ್ದನ್ನು ಹೇಳಿಯೇಬಿಟ್ಟೆ ಎಂದು ತಪ್ಪು ತಿಳಿದಿದ್ದೆನೇ? ಫೋನ್ ಮಾಡಿ ಕ್ಷಮೆ ಕೇಳೋಣವೆಂದರೆ, ಯಾವುದಕ್ಕೆ ಎಂಬುದೇ ನನಗೆ ಗೊತ್ತಿರಲಿಲ್ಲ. ತಿಂಗಳ ನಂತರ, ಆ ದಿನ ಕ್ಯಾಮೆರಾ ಪರೀಕ್ಷೆಗೆಂದು ತೆಗೆದ ವಿಡಿಯೊ ತುಣುಕನ್ನು ಹುಡುಕಿ ಹಾಕಿ ನೋಡಿದೆ.

ಅದರಲ್ಲಿ ಅವರು ಬಂಡೆಯಂಚಿಗೆ ಬಗ್ಗಿ ಚೆಂಡಿಡುತ್ತಿದ್ದಾರೆ. “ಹೊಳಪಿಲ್ದಿದ್ರೂ ತೆರೆ ಮ್ಯಾಲೆ ಚೆಂದಾಗಿ ಕಾಣ್ತವಾ ಸಾ?” ನಾನು ಪಕ್ಕದಲ್ಲೇ ಇದ್ದೇನೆ, ಮೊಬೈಲ್ ನೋಡುತ್ತಾ. ನಾಲ್ಕು ಸಲ ಹಿಂದಕ್ಕೆ ಓಡಿಸಿ ಕೇಳಿದೆ. ಧ್ವನಿ ನನ್ನದೇ: “ಕಾಣ್ತವೆ ಅಣ್ಣ, ಎಲ್ಲವೂ ಕಾಣ್ತವೆ.”