ಅಂಗೈಯಲ್ಲಿ ಕಾಯಿ ಕೇಳುವ ಶಿವಗಂಗಮ್ಮ

ಬೆಳಗಿನ ಆರು ಗಂಟೆ. ಹಾರನಹಳ್ಳಿಯ ಗಂಗಾಧರಯ್ಯನವರ ಕೊಬ್ಬರಿ ಕೊಟ್ಟಿಗೆಯಲ್ಲಿ ಆಗಲೇ ಗದ್ದಲ. ಒಂದು ಮೂಲೆಯಲ್ಲಿ ಗಿಡ್ಡಯ್ಯ ನೆಲಕ್ಕೆ ನೆಟ್ಟ ಹಾರೆಗೆ ಕಾಯಿ ಚುಚ್ಚಿ ಸಿಪ್ಪೆ ಸುಲಿಯುತ್ತಾರೆ. ಬಾಗಿಲ ಬಳಿ ಹೆಂಗಸರು ಮಚ್ಚಿನಿಂದ ಚಿಪ್ಪು ಒಡೆಯುತ್ತಾರೆ. ನಡುವೆ ಗೋಣಿತಾಟಿನ ಮೇಲೆ ಕುಳಿತ ಶಿವಗಂಗಮ್ಮ ಸುಲಿದ ಕಾಯಿಯೊಂದನ್ನು ಅಂಗೈಗೆ ತೆಗೆದುಕೊಂಡು ಎರಡು ಸಲ ಅಲುಗಿಸಿ ಬಲಕ್ಕೆ ಹಾಕುತ್ತಾರೆ. ಇನ್ನೊಂದು, ಅದೂ ಬಲಕ್ಕೆ. ಮೂರನೆಯದು ಎಡಕ್ಕೆ ಉರುಳುತ್ತದೆ. ಹಾರೆಯ ಸದ್ದು, ಮಚ್ಚಿನ ಸದ್ದು, ಹೆಂಗಸರ ಹರಟೆ, ಯಾವುದೂ ಅವರಿಗೆ ಕೇಳುವುದಿಲ್ಲ. ಎರಡೂ ಕಿವಿ ಹೋಗಿ ಐದು ವರ್ಷವಾಯಿತು.

ಇದರಲ್ಲೇನು ದೊಡ್ಡದು ಎನ್ನುವವರಿಗೆ ಕೊಬ್ಬರಿಯ ಕಷ್ಟ ಗೊತ್ತಿಲ್ಲ. ಅರಸೀಕೆರೆ ಸೀಮೆಯಲ್ಲಿ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮುಟ್ಟುವುದಿಲ್ಲ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಬೇಕು. ಆಗಿದೆಯೋ ಇಲ್ಲವೋ ಕಣ್ಣಿಗೆ ಕಾಣದು. ಕಿವಿಯ ಹತ್ತಿರ ಹಿಡಿದು ಅಲುಗಿಸಿ, ಉಂಡೆ ಚಿಪ್ಪಿಗೆ ಬಡಿಯುವ ಸದ್ದು ಕೇಳಿಯೇ ಹೇಳಬೇಕು: ಒಣಗಿದ್ದು ಬಲಕ್ಕೆ, ಹಸಿಯದು ಎಡಕ್ಕೆ. ಹಸಿಯಿದ್ದದ್ದನ್ನು ಒಡೆದರೆ ತಿರುಳು ಚೂರಾಗಿ, ವರ್ಷವಿಡೀ ಕಾದದ್ದು ಅಗ್ಗದ ಬೆಲೆಗೆ ಎಣ್ಣೆ ಗಾಣದ ಪಾಲು. ಹಾಗಾಗಿ ಕಾಯಿ ಆರಿಸುವ ಜಾಗದಲ್ಲಿ ನಂಬಿಕೆಯವರನ್ನು ಮಾತ್ರ ಕೂರಿಸುತ್ತಾರೆ. ಈಗ ನಲವತ್ತೇಳರ ಶಿವಗಂಗಮ್ಮ ಇಪ್ಪತ್ತೆರಡಕ್ಕೇ ಆ ಜಾಗದಲ್ಲಿ ಕುಳಿತವರು. ದಿನಕ್ಕೆ ಎರಡು ಸಾವಿರ ಕಾಯಿ ಅವರ ಕೈ ದಾಟುತ್ತವೆ.

ಗಂಡ ತೀರಿಕೊಂಡ ಮರುವರ್ಷ, ಅಂದರೆ ಐದು ವರ್ಷದ ಹಿಂದೆ, ತೊಂಬತ್ತೊಂಬತ್ತನೇ ಇಸವಿಯಲ್ಲಿ, ಅವರಿಗೆ ಕೆಮ್ಮು ಹಿಡಿಯಿತು. ಕ್ಷಯ ಎಂದರು. ದಿನ ಬಿಟ್ಟು ದಿನ ಸೂಜಿ. ಕಿವಿಯಲ್ಲಿ ಗುಂಯ್ ಎಂದರೆ ತಡ ಮಾಡದೆ ಹೇಳಬೇಕು ಎಂದು ಡಾಕ್ಟರು ಮೊದಲ ದಿನವೇ ಎಚ್ಚರಿಸಿದ್ದರು. ಮೂರನೇ ವಾರಕ್ಕೆ ಗುಂಯ್ ಎಂದಿತು. ಶಿವಗಂಗಮ್ಮ ಹೇಳಲಿಲ್ಲ.

“ಸೂಜಿ ಬಿದ್ ಮ್ಯಾಲೆ ಕೆಮ್ಮು ಇಳೀತಿತ್ತು ಕಣ್ರೀ. ಹೇಳಿದ್ರೆ ನಿಲ್ಸಿಬಿಡ್ತಾರೆ, ನಿಲ್ಸಿದ್ರೆ ನಾನು ಸಾಯ್ತೀನಿ ಅಂದ್ಕಂಡೆ. ಮಗಳು ಪ್ರತಿಮಾಗೆ ಆಗ ಹನ್ನೊಂದು ವರ್ಷ. ಉಸಿರು ಉಳಿಸ್ಕಂಡೆ, ಕಿವಿ ಕಳ್ಕಂಡೆ. ಡಾಕ್ಟ್ರ ತಪ್ಪೇನೂ ಇಲ್ಲ, ನಂದೇ,” ಎನ್ನುತ್ತಾರೆ ಅವರು. ತಮ್ಮ ದನಿ ತಮಗೇ ಕೇಳದ್ದರಿಂದ ಮಾತು ಕೊಟ್ಟಿಗೆಯ ಹೆಂಚು ಮುಟ್ಟುವಷ್ಟು ಗಟ್ಟಿ. ನಮ್ಮ ಪ್ರಶ್ನೆಗಳನ್ನು ಗಿಡ್ಡಯ್ಯ ಕೈಸನ್ನೆಯಲ್ಲಿ ದಾಟಿಸುತ್ತಾರೆ.

ಗುಣವಾಗಿ ಕೆಲಸಕ್ಕೆ ಮರಳಿದಾಗಲೂ ಕಿವಿ ಹೋದದ್ದನ್ನು ಅವರು ಬಾಯಿ ಬಿಡಲಿಲ್ಲ. ಎಂದಿನಂತೆ ಕಾಯಿಯನ್ನು ಕಿವಿಗೆ ಹಿಡಿದು ಅಲುಗಿಸಿ, ಕೇಳಿದವರಂತೆ ತಲೆದೂಗಿ, ಅಂದಾಜಿನ ಮೇಲೆ ಎಡಕ್ಕೋ ಬಲಕ್ಕೋ ಹಾಕುತ್ತಿದ್ದರು. ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಎಷ್ಟು ದಿನ ಕೂರಲು ಆದೀತು? ಐದನೆಯ ದಿನ ಮಚ್ಚಿಗೆ ಸಾಲುಸಾಲಾಗಿ ಹಸಿ ಕಾಯಿ ಸಿಕ್ಕವು. ಅರವತ್ತಕ್ಕೂ ಹೆಚ್ಚು ಕಾಯಿ ಹಾಳಾದವು. ಗಂಗಾಧರಯ್ಯ ಕೆಟ್ಟವರೇನಲ್ಲ, ಕೂಗಾಡಲೂ ಇಲ್ಲ. ಆದರೆ ಮರುದಿನದಿಂದ ಆ ಗೋಣಿತಾಟಿನ ಮೇಲೆ ಗುರುಸಿದ್ದಮ್ಮ ಎಂಬ ಇನ್ನೊಬ್ಬರು ಕುಳಿತರು. ಶಿವಗಂಗಮ್ಮನ ಪಾಲಿಗೆ ಸಿಪ್ಪೆ ಹೊರುವ ಕೆಲಸ ಬಂತು.

ಸಿಪ್ಪೆಯೆಂದರೆ ಧೂಳು. ಆಗಷ್ಟೇ ಚೇತರಿಸಿಕೊಂಡ ಎದೆಗೆ ಆ ಧೂಳು ವಿಷವೇ ಸರಿ. ಮಂಕರಿ ಹೊತ್ತು ಹತ್ತು ಹೆಜ್ಜೆ ನಡೆದರೆ ಕೆಮ್ಮು ಒತ್ತರಿಸಿ ಬರುತ್ತಿತ್ತು. ಕೂತು ಮಾಡುವ ಆ ಹಳೆಯ ಜಾಗ ಮರಳಿ ಸಿಗದಿದ್ದರೆ ಉಳಿಸಿಕೊಂಡ ಉಸಿರೂ ಉಳಿಯುವುದಿಲ್ಲ ಎಂದು ಅವರಿಗೆ ಗೊತ್ತಾಗಿಹೋಯಿತು.

ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚುವ ಹೊತ್ತಿಗೆ ಶಿವಗಂಗಮ್ಮ ಕಾಯಿ ರಾಶಿಯ ಮುಂದೆ ಕೂರತೊಡಗಿದರು. ಮೊದಮೊದಲು, ಉಂಡೆಯ ಬಡಿತ ಮೂಳೆಗಾದರೂ ತಾಕೀತೇ ಎಂದು, ಕಾಯಿಯನ್ನು ದವಡೆಗೆ ಒತ್ತಿ ಅಲುಗಿಸಿ ನೋಡಿದರು. “ಕಾಯಿಗೆ ಮುತ್ತು ಕೊಡ್ತಾವ್ಳೆ ನೋಡ್ರೇ!” ಎಂದು ಹೆಂಗಸರು ಬಿದ್ದು ಬಿದ್ದು ನಕ್ಕರು. ಮಾತು ಕೇಳದಿದ್ದರೂ ನಗು ಕಣ್ಣಿಗೆ ಕಾಣುತ್ತದಲ್ಲ, ಅವರು ತಲೆ ತಗ್ಗಿಸಿ ಮುಂದಿನ ಕಾಯಿ ಎತ್ತಿಕೊಂಡರು. ಮುಂದೆ ದವಡೆ ಬಿಟ್ಟು ಅಂಗೈಯನ್ನೇ ನಂಬಿದರು. ಗಿಡ್ಡಯ್ಯ ಎದುರು ಕುಳಿತು ಅದೇ ಕಾಯಿಯನ್ನು ತಾವೂ ಅಲುಗಿಸಿ ಕೇಳಿ, ಹೌದು, ಅಲ್ಲ ಎಂದು ಬೆರಳಾಡಿಸುತ್ತಿದ್ದರು.

“ನಾನೇನ್ ಕಲಿಸ್ಲಿಲ್ಲ ಸಾಮಿ,” ಎಂದು ಗಿಡ್ಡಯ್ಯ ನಗುತ್ತಾರೆ. “ಅಕ್ಕ ಐದು ತಿಂಗ್ಳು ನನ್ನ ಉಣ್ಣೋ ಹೊತ್ತನ್ನೆಲ್ಲ ತಿಂದಾಕ್ಬುಡ್ತು.”

ಅಂಗೈ ನಿಧಾನವಾಗಿ ಕಲಿಯಿತು. “ಒಣಗಿದ್ದು ಟಕ್ ಅಂತ ಗುದ್ದತೈತೆ, ಅಷ್ಟೇ,” ಎಂದು ಶಿವಗಂಗಮ್ಮ ಒಂದು ಕಾಯಿ ಅಲುಗಿಸಿ ತೋರಿಸುತ್ತಾರೆ. “ಹಸಿ ಇದ್ರೆ ಗುದ್ದಲ್ಲ. ಹೊಟ್ಟೇಲಿ ಕೂಸು ಹೊರಳ್ದಂಗೆ ನಿಧಾನಕ್ಕೆ ಹೊರಳ್ತೈತೆ.”

ಒಂದು ಬೆಳಿಗ್ಗೆ ಅವರೇ ಗಂಗಾಧರಯ್ಯನ ಮುಂದೆ ನಿಂತು, ನನ್ನ ಒಂದ್ಸಲ ಪರೀಕ್ಷೆ ಮಾಡಿ ನೋಡಿ ಯಜಮಾನ್ರೆ, ಎಂದು ಕೇಳಿದರು. ನೂರು ಕಾಯಿ ತಂದು ಸುರಿದರು. ಮೊದಲು ಗುರುಸಿದ್ದಮ್ಮ ಕಿವಿಯಿಂದ ಆರಿಸಿದರು. ಗಿಡ್ಡಯ್ಯ ಒಂದೊಂದಕ್ಕೂ ಆಕೆಯ ತೀರ್ಮಾನವನ್ನು ಇದ್ದಿಲಿನಲ್ಲಿ ಗುರುತು ಹಾಕಿ, ಗುರುತು ಕಾಣದಂತೆ ಬಟ್ಟೆ ಸುತ್ತಿ ಕೊಟ್ಟರು. ಶಿವಗಂಗಮ್ಮ ಅಂಗೈಯಿಂದ ಆರಿಸಿದರು. ತೊಂಬತ್ತೊಂದರಲ್ಲಿ ಇಬ್ಬರ ತೀರ್ಮಾನವೂ ಒಂದೇ. ಉಳಿದ ಒಂಬತ್ತನ್ನು ಎಲ್ಲರೆದುರು ಒಡೆದರು. ಐದರಲ್ಲಿ ಅಂಗೈ ಸರಿ, ನಾಲ್ಕರಲ್ಲಿ ಕಿವಿ ಸರಿ.

ಗೆದ್ದೆಯಲ್ಲಮ್ಮ ಎಂದು ಗಂಗಾಧರಯ್ಯ ಕೈಯೆತ್ತಿ ತೋರಿಸಿದರೆ, ಶಿವಗಂಗಮ್ಮ ಒಡೆದ ಚೂರುಗಳ ಕಡೆ ಬೆರಳು ಮಾಡಿದರಂತೆ: “ನಾಕು ತಪ್ಪೈತೆ. ಅದನ್ನ ಬಿಟ್ಟು ಲೆಕ್ಕ ಹೇಳ್ಬ್ಯಾಡಿ.”

“ಅವತ್ತು ನನಗೆ ಅನ್ನ ಸೇರ್ಲಿಲ್ಲ,” ಎನ್ನುತ್ತಾರೆ ಗಂಗಾಧರಯ್ಯ. “ಐದು ತಿಂಗಳು ಆಯಮ್ಮನ ಕೈಲಿ ಧೂಳು ಹೊರಿಸಿದ್ನಲ್ಲ ಅನ್ನಿಸ್ತು.” ಮರುದಿನದಿಂದ ಗೋಣಿತಾಟು ಎರಡಾದವು. ಈಗ ಗುರುಸಿದ್ದಮ್ಮನಿಗೆ ಅನುಮಾನ ಬಂದ ಕಾಯಿ ಪಕ್ಕದ ಅಂಗೈಗೆ ಹೋಗುತ್ತದೆ, ಅಲ್ಲಿ ಅನುಮಾನವಾದದ್ದು ಈ ಕಿವಿಗೆ ಬರುತ್ತದೆ. ತೆಂಗಿಗೆ ನುಸಿ ರೋಗ ಬಿದ್ದು ಕಾಯಿಗಳೆಲ್ಲ ಮುಷ್ಟಿಯಷ್ಟಾಗಿ, ಒಳಗಿನ ಬಡಿತವೂ ಸಣ್ಣದಾದ ಈ ವರ್ಷಗಳಲ್ಲಿ ಆ ಓಡಾಟ ಇನ್ನೂ ಹೆಚ್ಚು. ಪ್ರತಿಮಾ ಅರಸೀಕೆರೆಯಲ್ಲಿ ಪಿಯುಸಿ ಓದುತ್ತಿದ್ದಾಳೆ. ಬೆಳಗಿನ ಟೆಂಪೊ ಹತ್ತುವ ಮುನ್ನ ತುಟಿ ಅಗಲಿಸಿ ನಿಧಾನವಾಗಿ ಅಮ್ಮನಿಗೆ ಹೇಳಿ ಹೋಗುತ್ತಾಳೆ.

ನಿಮಗೇನು ಆಸೆ ಎಂಬ ಪ್ರಶ್ನೆಯನ್ನು ಗಿಡ್ಡಯ್ಯ ಎರಡು ಸಲ ಸನ್ನೆ ಮಾಡಬೇಕಾಯಿತು. ಶಿವಗಂಗಮ್ಮ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟರು.

“ಕಿವಿ ಬರ್ಲಿ ಅಂತ ಹರಕೆ ಕಟ್ಕಂಡಿದ್ದೆ, ಆಮ್ಯಾಕೆ ಬಿಟ್ಟೆ. ಕೆಲ್ಸಕ್ಕೆ ಇದೇ ಸಾಕು. ಒಂದೇ ಒಂದು ಐತೆ. ಇಲ್ಲಿ ನನ್ನ ಕರೀಬೇಕು ಅಂದ್ರೆ ಹಿಂದ್ಗಡೆಯಿಂದ ಚಿಪ್ಪಿನ ಚೂರು ಎಸೀತಾರೆ. ಬೆನ್ನಿಗೆ ಬೀಳ್ತೈತೆ, ಒಂದೊಂದ್ಸಲ ತಲೆಗೆ. ನೋವಿಗಲ್ಲ ನಾನು ಹೇಳದು. ನಾಕು ಹೆಜ್ಜೆ ಎದ್ದು ಬಂದು ಮುಂದೆ ನಿಂತ್ಕಂಡು ಕರೀಲಿ. ಕರುದ್ರೆ ಬರ್ದೆ ಇರೋಳಲ್ಲ ನಾನು.”