ಕಂಬಳಿಹುಳಗಳ ಮೇಲೆ ನಾನು ತೀರಿಸಿಕೊಂಡ ಸೇಡು

ಆಗ ಮನೆಗೊಂದೇ ಮೊಬೈಲು, ಅದೂ ಅಪ್ಪನ ಕಿಸೆಯಲ್ಲಿ. ಮರಾಠಿ ಸೀಮೆಯ ಕಲ್ಯಾಣದ ಪೂರ್ವಕ್ಕೆ, ರಿಕ್ಷಾದವರು ಹೆಸರು ಕೇಳಿದರೇ ಮುಖ ತಿರುಗಿಸುತ್ತಿದ್ದ ಅಂಚಿನಲ್ಲಿ ನಮ್ಮ ಬಾಡಿಗೆಯ ಹೆಂಚಿನ ಮನೆ. ಹಿಂದೆ ಗದ್ದೆ, ಪಕ್ಕದಲ್ಲಿ ಒಡತಿ ಕಾಕೂಳ ಮನೆ, ನಡುವೆ ಒಂದು ನುಗ್ಗೆಮರ. ಮಳೆಗಾಲವೆಂದರೆ ಬೇರೆ ಮಕ್ಕಳಿಗೆ ಕಾಗದದ ದೋಣಿ, ನಮಗೆ ಕಂಬಳಿಹುಳ.

ಮರ ನಮ್ಮ ಅಜ್ಜಿಯದು. ಉಡುಪಿ ಬಿಟ್ಟು ನಮ್ಮ ಜೊತೆ ಇರಲು ಬಂದಾಗ ತೋಳುದ್ದದ ಗೆಲ್ಲೊಂದನ್ನು ಒದ್ದೆ ಬೈರಾಸಿನಲ್ಲಿ ಸುತ್ತಿ, ರೈಲಿನಲ್ಲಿ ಮಡಿಲ ಮೇಲಿಟ್ಟುಕೊಂಡೇ ತಂದು ಇಲ್ಲಿ ನೆಟ್ಟಿದ್ದಳು. ಆ ಊರಿನಲ್ಲಿ ಅವಳಿಗೆ ಗುರುತಿದ್ದ ಮುಖ ಅದೊಂದೇ. ಅಪ್ಪ ಠಾಣೆ ಪೇಟೆಯ ಹೋಟೆಲಿನ ಗಲ್ಲಾಕ್ಕೆ, ಅಮ್ಮ ಹೊಲಿಗೆ ಕೆಲಸಕ್ಕೆ, ನಾನು ಶಾಲೆಗೆ ಹೋದಮೇಲೆ ಅವಳು ಮಾತಾಡುತ್ತಿದ್ದದ್ದು ಅದರ ಜೊತೆಗೇ. ನುಗ್ಗೆಸೊಪ್ಪಿಗೆ ತೆಂಗಿನೆಣ್ಣೆಯ ಒಗ್ಗರಣೆ ಬಿದ್ದರೆ ಗದ್ದೆಯಾಚೆಯಿಂದಲೇ ನನಗೆ ಹಸಿವಾಗುತ್ತಿತ್ತು.

ಮಳೆ ಹಿಡಿದು ಹದಿನೈದು ದಿನವಾಗಲಿಲ್ಲ, ಹುಳಗಳು ಹಾಜರು. ಹಗಲಿಡೀ ಕಾಂಡಕ್ಕೆ ಒತ್ತಿಕೊಂಡು ಗುಂಪುಗುಂಪಾಗಿ ಮಲಗುತ್ತಿದ್ದವು. ಕತ್ತಲಾಗುತ್ತಲೇ ಎಲೆ ಮೇಯಲು ಏರುತ್ತಿದ್ದವು. ದಾರಿ ತಪ್ಪಿದವು ಗೋಡೆಯ ಮೇಲೆ, ಚಪ್ಪಲಿಯೊಳಗೆ, ಬಾಲ್ದಿಯ ಹಿಡಿಯಲ್ಲಿ. ಜಗಲಿಯ ಹಗ್ಗದಲ್ಲಿ ಒಣಗುತ್ತಿದ್ದ ನನ್ನ ಯೂನಿಫಾರ್ಮಿನ ಕಾಲರಿನೊಳಗೂ ಒಂದು.

ಪ್ರಾರ್ಥನೆ ಮುಗಿಯುವಾಗ ಕುತ್ತಿಗೆ ಉರಿಯತೊಡಗಿತು. ಎರಡನೇ ಪಿರಿಯಡ್ಡಿಗೆ ಒಂದು ಕಣ್ಣು ಮುಚ್ಚಿಯೇ ಹೋಯಿತು. ಟೀಚರು ದಡಾರವೆಂದು ಹೆದರಿ ನನ್ನನ್ನು ಮನೆಗೆ ಅಟ್ಟಿದರು. ಬಾಗಿಲು ದಾಟುವಾಗ ಹಿಂದಿನ ಬೆಂಚಿನಿಂದ ಕೂಗು: “ಏ ಖುಜಲೀ!” ತುರಿಕೆ ಮೂರು ದಿನಕ್ಕೆ ಹೋಯಿತು. ಹೆಸರು ಹತ್ತನೇ ಕ್ಲಾಸಿನವರೆಗೂ ಹೋಗಲಿಲ್ಲ.

ಎಣ್ಣೆ ಹಚ್ಚುತ್ತ ಅಜ್ಜಿ ಹೇಳಿದಳು, “ಅಳ್ಬೇಡ ಹೆಣ್ಣೇ. ಒಂದನ್ನೂ ಬಿಡುದಿಲ್ಲ ನಾವು.”

ಅದೇ ವಾರ ಕಾಕೂಳ ಮಗನ ಮುಖವೂ ಬೋಂಡದ ಹಾಗೆ ಊದಿತು. ಕಾಕೂ ಅವನನ್ನು ಎಳೆದುಕೊಂಡೇ ಬಂದಳು. “ಆಜೀ, ಮಾಝ್ಯಾ ಪೋರಾಚಂ ತೋಂಡ್ ಬಘಾ! ಹೇ ಝಾಡ್ ಆತಾ ತೋಡಾ!” ಮರ ಕಡಿಯಲೇಬೇಕು, ರವಿವಾರ ಅವಳ ತಮ್ಮ ಕೊಡಲಿ ಹಿಡಿದು ಬರುತ್ತಾನೆ.

ಅಜ್ಜಿ ತನಗೆ ಬರುತ್ತಿದ್ದ ಇಪ್ಪತ್ತು ಮರಾಠಿ ಮಾತುಗಳಲ್ಲಿ ಅರ್ಧವನ್ನು ಅಲ್ಲೇ ಖರ್ಚು ಮಾಡಿದಳು. “ರವಿವಾರ್ ಪರ್ಯಂತ್ ಥಾಂಬ್. ಏಕ್ ಪಣ್ ಕಿಡಾ ದಿಸ್ಲಾ, ತರ್ ತೋಡ್.” ರವಿವಾರದ ತನಕ ತಡೆ, ಆಮೇಲೆ ಒಂದೇ ಒಂದು ಹುಳ ಕಂಡರೂ ಕಡಿ. ಅಷ್ಟು ಗಟ್ಟಿಯಾಗಿ ಅಂದವಳು ಒಳಗೆ ಬಂದು ಹಿಡಿಸೂಡಿ, ಬಾಲ್ದಿ ಹುಡುಕತೊಡಗಿದಳು.

ಯುದ್ಧ ಶುರುವಾಯಿತು. ಶಾಲೆಯಿಂದ ಬಂದವಳೇ ಬ್ಯಾಗು ಎಸೆದು ಅಂಗಳಕ್ಕೆ ಇಳಿಯುತ್ತಿದ್ದೆ. ಅಜ್ಜಿ ಹಿಡಿಸೂಡಿಯಿಂದ ಗುಡಿಸಿ ಸಾಬೂನು ನೀರಿನ ಬಾಲ್ದಿಗೆ ಬೀಳಿಸಿದರೆ, ನಾನು ಕಡ್ಡಿಯಿಂದ ಒತ್ತಿ ಹಿಡಿದು ಮುಳುಗಿಸುತ್ತಿದ್ದೆ. ಒಂದೊಂದಕ್ಕೂ ಹಿಂದಿನ ಬೆಂಚಿನ ಒಬ್ಬೊಬ್ಬನ ಹೆಸರಿಟ್ಟು. ಕೆಲವರು ಎರಡೆರಡು ಸಲ ಸತ್ತರು. ಆದರೂ ಮರುದಿನ ನೋಡಿದರೆ ಕಾಂಡದ ಮೇಲೆ ಅಷ್ಟೇ ಹುಳ.

ಶನಿವಾರ ಮಧ್ಯಾಹ್ನ ಅಜ್ಜಿ ಅಟ್ಟದಿಂದ ಒಣ ತೆಂಗಿನಗರಿ ಇಳಿಸಿ ಉರಿಸಲು ಸೂಡಿ ಕಟ್ಟಿದಳು.

“ಅತ್ತೇ, ಈ ಮಳೆಯಲ್ಲಿ ಬೆಂಕಿಯಾ?” ಎಂದಳು ಅಮ್ಮ.

“ನೀನು ಕೊಡೆ ಹಿಡಿ.”

“ಯಾರಿಗೆ? ನಿಮಗಾ, ಬೆಂಕಿಗಾ?”

“ಬೆಂಕಿಗೆ ಮಾರಾಯ್ತಿ! ನಾನು ಒದ್ದೆಯಾದ್ರೆ ಒಣಗ್ತೇನೆ.”

ಹೀಗೆ ಅಮ್ಮನ ಕೊಡೆಯಡಿಯಲ್ಲಿ ಸೂಡಿ ಹೊತ್ತಿತು. ಅಜ್ಜಿ ಆರತಿ ಎತ್ತಿದ ಹಾಗೆ ಅದನ್ನು ಮೇಲೆ ಕೆಳಗೆ ಆಡಿಸಿದಳು, ಎಲ್ಲೂ ನಿಲ್ಲಿಸಲಿಲ್ಲ. ಹುಳಗಳು ಚಟಚಟ ಎಂದವು, ಉರುಳಿದವು. ಸುಟ್ಟ ಕೂದಲಿನ ನಾತ. ನನಗೆ ಅದು ಅಗರಬತ್ತಿಗಿಂತ ಚೆನ್ನಾಗಿತ್ತು. ಭುಜ ಸೋತು ಅಜ್ಜಿ ಸೂಡಿಯನ್ನು ನನಗೆ ಕೊಟ್ಟಳು. “ಕೆಳಗಿನದ್ದು ನಿಂದು. ನಿಲ್ಲಿಸ್ಬಾರ್ದು, ಆಯ್ತಾ?”

ನಾನು ನಿಲ್ಲಿಸಿದೆ. ನನ್ನ ಸೊಂಟದೆತ್ತರದಲ್ಲಿದ್ದ ಗುಂಪಿಗೆ ಬೆಂಕಿ ಒತ್ತಿ ಹಿಡಿದೆ. ಅವು ಬಿದ್ದವು. ಆದರೂ ಒತ್ತಿದೆ. ಕಾಂಡದ ಸುತ್ತ ಒಂದು ಸುತ್ತು, ಇನ್ನೊಂದು ಸುತ್ತು.

“ಸಾಕು ಹೆಣ್ಣೇ, ಹುಳ ಎಲ್ಲುಂಟು ಅಲ್ಲಿ?”

“ಉಂಟಜ್ಜಿ, ಒಳಗೆ ಉಂಟು!”

ಇರಲಿಲ್ಲ. ಇಲ್ಲವೆಂದು ನನಗೆ ಗೊತ್ತಿತ್ತು. ತೊಗಟೆ ಸಿಡಿದು ಅಂಟು ಗುಳ್ಳೆಯೇಳುವುದನ್ನು ನೋಡುವುದರಲ್ಲಿ ಎಂಥದೋ ಸುಖವಿತ್ತು. ಕೊನೆಗೆ ಅಜ್ಜಿ ಸೂಡಿ ಕಿತ್ತು ಕೆಸರಿಗೆ ಎಸೆದಳು.

ರವಿವಾರ ಬೆಳಿಗ್ಗೆ ನಾನು ಏಳುವುದರೊಳಗೆ ಅಜ್ಜಿ ಆ ಕಪ್ಪು ಪಟ್ಟಿಗೆ ಒದ್ದೆ ಮಣ್ಣು ಮೆತ್ತಿ ಮುಗಿಸಿದ್ದಳು. ಕಾಕೂ ಮೂರು ಸುತ್ತು ಬಂದು ಹುಡುಕಿದಳು. ಒಂದು ಹುಳವೂ ಇಲ್ಲ. ಅವಳ ತಮ್ಮ ಕೊಡಲಿ ಬದಿಗಿಟ್ಟು, ಕಾಂದಾಭಜಿ ತಿಂದು, ಚಹಾ ಕುಡಿದು ಹೋದ. ನಾನು ಅಂಗಳದಲ್ಲಿ ಕುಣಿದೆ.

ಮುಂದಿನ ವಾರ ಎಲೆ ಹಳದಿಯಾಯಿತು. ಅದರ ಮುಂದಿನ ವಾರ ಬೀಸಿದ ಗಾಳಿಗೆ ಮರ ಮುರಿಯಿತು, ಮಣ್ಣು ಮೆತ್ತಿದಲ್ಲೇ ಸರಿಯಾಗಿ. ಕಾಕೂ ಓಡಿ ಬಂದಳು. “ಅಗಂಬಾಯಿ! ಕಸಂ ಪಡ್ಲಂ?”

“ವಾರ್‍ಯಾನೇ,” ಎಂದಳು ಅಜ್ಜಿ, ನನ್ನ ಕಡೆ ನೋಡದೆ. ಹೇಗೆ ಬಿತ್ತೆಂದು ಅಪ್ಪ ಕೇಳಿದಾಗಲೂ “ಗಾಳಿಗೆ” ಎಂದಳು. ಅಪ್ಪನ ಮೊಬೈಲಿನಲ್ಲಿ ಊರಿನ ತಂಗಿಗೆ ಹೇಳಿದ್ದೂ ಅದನ್ನೇ: “ಎಂತ ಗಾಳಿ ಮಾರಾಯ್ತಿ ಇಲ್ಲಿಯದ್ದು!” ಮೂರು ಸಲವೂ ನಾನು ಅಲ್ಲೇ ನಿಂತಿದ್ದೆ. ಆ ಮಳೆಗಾಲದಲ್ಲಿ ಅವಳು ಜಗಲಿಯಲ್ಲಿ ಕೂರುವುದನ್ನೇ ಬಿಟ್ಟಳು.

ಆ ಜಾಗದಲ್ಲಿ ಈಗ ಬಹುಮಹಡಿ ಟವರು. ನಾನಿರುವುದು ಕಾಮೋಠೆಯಲ್ಲಿ, ಆರನೇ ಮಹಡಿ. ಕಂಬಳಿಹುಳ ಇಷ್ಟು ಎತ್ತರಕ್ಕೆ ಬರುವುದಿಲ್ಲ. ನುಗ್ಗೆಕಾಯಿ ಬರುತ್ತದೆ, ರಬ್ಬರ್ ಹಾಕಿದ ಕಟ್ಟಿನಲ್ಲಿ, ನಾರಾಗಿ. ನನ್ನ ಮಗಳು ಪುಸ್ತಕದಲ್ಲಿ ಹುಳದ ಚಿತ್ರ ತೋರಿಸಿ “ಮಮ್ಮಾ, ಕಿತನಾ ಕ್ಯೂಟ್!” ಎನ್ನುತ್ತಾಳೆ. ನಾನು ಪುಟ ತಿರುಗಿಸುತ್ತೇನೆ. ಅವುಗಳನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಅಂದಾಜೂ ಇಲ್ಲ.

ಅಜ್ಜಿ ಹೋಗಿ ವರ್ಷಗಳಾದವು. ಬೈಯುವುದರಲ್ಲಿ ಅವಳೇನೂ ಕಡಿಮೆಯಿರಲಿಲ್ಲ. ಅನ್ನ ಚೆಲ್ಲಿದ್ದಕ್ಕೆ ಬೈದಳು, ತಲೆ ಬಾಚದ್ದಕ್ಕೆ ಬೈದಳು, ಹಿಂದಿಯಲ್ಲಿ ಉತ್ತರ ಕೊಟ್ಟದ್ದಕ್ಕಂತೂ ಮೂರು ತಲೆಮಾರು ಸೇರಿಸಿ ಬೈದಳು. ಮರ ಸುಟ್ಟದ್ದಕ್ಕೆ ಮಾತ್ರ ಬೈಯಲಿಲ್ಲ. ಆ ಒಂದು ಬೈಗಳು ನನಗೆ ಬರಬೇಕಾಗಿತ್ತು. ಇನ್ನು ಅದು ಬರುವುದಿಲ್ಲ.